ಬೆಸುಗೆ ಹಾಕಿದ ಪರಂಗಿ

ಗಿಡಕ್ಕೆ ನೀರು ಹಾಕುವ ಕ್ಯಾನಿನ ಮೂತಿ ಕಳಚಿಕೊಂಡಿತ್ತು. ಬೆಳಿಗ್ಗೆ ಹಿತ್ತಿಲಿನಲ್ಲಿ ಕೂತು ಅದಕ್ಕೆ ಬೆಸುಗೆ ಹಾಕುತ್ತಿದ್ದೆ. ಕಾದ ಕಬ್ಬಿಣ ರಾಳಕ್ಕೆ ತಗುಲಿ ಸಣ್ಣಗೆ ಹೊಗೆ ಎದ್ದಿತು ನೋಡಿ, ಎದೆ ಒಮ್ಮೆ ಧಸಕ್ಕೆಂದಿತು. ಜೀವಮಾನವೆಲ್ಲ ಈ ಹೊಗೆ ಕುಡಿದವನು ನಾನು. ಹೊಗೆಗೆ ಹೆದರುವ ಆಸಾಮಿಯಲ್ಲ. ಆದರೆ ಪಕ್ಕದಲ್ಲೇ ಪರಂಗಿ ಗಿಡವಿತ್ತು, ಆಗಷ್ಟೇ ಕಿತ್ತ ಕಾಯಿಯ ತೊಟ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ರಾಳದ ವಾಸನೆಯೂ ಪರಂಗಿ ಹಾಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದರೆ ನನಗೆ ಇವತ್ತಿಗೂ ಭಯ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಕೈಯ ಕೆಲಸ ಮುಗಿದಿದೆ, ಇನ್ನು ಬಾಯಿಯದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಿಪಟೂರಿನಲ್ಲಿ ಅಪ್ಪ, ಅಮ್ಮ ಒಬ್ಬರ ಹಿಂದೊಬ್ಬರು ಹೋದ ಮೇಲೆ ತಂಗಿ ಸುಮಿತ್ರಳನ್ನು ಸಾಕುವುದಕ್ಕೆ ತಗಡಿನ ಅಂಗಡಿ ಸೇರಿದೆ. ಆ ಕೈಕಸುಬು ಎಲ್ಲೆಲ್ಲೋ ಸುತ್ತಿಸಿ ಕೊನೆಗೆ ವಿಶಾಖಪಟ್ಟಣದಲ್ಲಿ ಹಡಗು ರಿಪೇರಿಯ ಗುತ್ತಿಗೆದಾರನೊಬ್ಬನ ಬಳಿ ತಂದು ನಿಲ್ಲಿಸಿತು. ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಓದಿದವರು ಸಹಿ ಹಾಕುತ್ತಾರೆ, ನಾನು ಬೆಸುಗೆ ಹಾಕುತ್ತೇನೆ. ಸಹಿಯನ್ನು ಅಳಿಸಬಹುದು, ನನ್ನ ಬೆಸುಗೆಯನ್ನು ಯಾರಾದರೂ ಬಿಡಿಸಲಿ ನೋಡೋಣ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಅದೊಂದೇ ಮಾತು.

ಸುಮಿಯನ್ನು ನಮ್ಮ ಕಡೆಯ ಹುಡುಗ ರಾಘುವಿಗೆ ಕೊಟ್ಟಿದ್ದೆ. ಬ್ಯಾಂಕಿನ ಗುಮಾಸ್ತ, ವರ್ಗವಾಗಿ ವಿಜಯವಾಡದಲ್ಲಿದ್ದ. ಒಳ್ಳೆಯವನೇ, ಆದರೆ ನಾಲಿಗೆ ಉದ್ದ. "ನಮ್ಮ ಭಾವನ ಮನೇಲಿ ಅನ್ನದ ತಪ್ಪಲೆಗೂ ಬೆಸುಗೆ ಬಿದ್ದಿರುತ್ತೆ ಕಣ್ರೀ, ಬಿಡಿಸ್ಕೊಂಡು ತಿನ್ಬೇಕು" ಎಂದು ಬಂದವರ ಮುಂದೆಲ್ಲ ನಗುತ್ತಿದ್ದ. ನಾನೂ ನಗುತ್ತಿದ್ದೆ, ಹಲ್ಲಿನಿಂದ ಮಾತ್ರ. ಆ ಮನೆಯಲ್ಲಿ ನಗಲು ಬೇರೆ ವಿಷಯ ಕಡಿಮೆಯಿತ್ತು. ಸುಮಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ನಾನು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, "ಅಣ್ಣ, ಊಟ ಮಾಡ್ದಾ?" ಎಂದಳು, ತಿರುಗಿ ನೋಡಲಿಲ್ಲ.

ಇನ್ನು ತೋಟ. ತೋಟವೆಂದರೆ ದೊಡ್ಡ ಮಾತು. ನನ್ನ ಬಾಡಿಗೆ ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಮರಳು ನೆಲವಿತ್ತು, ಅಷ್ಟೆ. ಕಬ್ಬಿಣವನ್ನು ಬಗ್ಗಿಸಿದವನಿಗೆ ಗಿಡ ಯಾವ ಲೆಕ್ಕ ಎಂದು ಮೊದಲು ಮೆಣಸಿನ ಸಸಿ ನೆಟ್ಟೆ. ಸಮುದ್ರದ ಉಪ್ಪು ಗಾಳಿಗೆ ಅವು ಸುಟ್ಟ ಬೀಡಿಯ ಹಾಗೆ ಸುರುಟಿಕೊಂಡವು. ಮನೆಯ ಒಡತಿ ನರಸಮ್ಮಗಾರು ಕನಿಕರಪಟ್ಟು ಮೂರು ಪರಂಗಿ ಸಸಿ ಕೊಟ್ಟರು. ಅವರ ತೆಲುಗಿನಲ್ಲಿ ಅದು ಬೊಪ್ಪಾಯಿ. ಮೂರರಲ್ಲಿ ಎತ್ತರವಾಗಿ ಬೆಳೆದದ್ದಕ್ಕೆ ನಾನು ಹೆಚ್ಚು ಗೊಬ್ಬರ ಹಾಕಿ, ಗಾಳಿಗೆ ಊರುಗೋಲು ಕೊಟ್ಟು, ದಿನಾ ಸವರಿ ಸಾಕಿದೆ. ಅದು ಉದ್ದುದ್ದ ಹೂಗೊಂಚಲು ಬಿಟ್ಟಿತೇ ಹೊರತು ಕಾಯಿ ಕಚ್ಚಲಿಲ್ಲ. ನರಸಮ್ಮಗಾರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅದು ಗಂಡು ಬಾಬೂ! ಮೀಸೆ ತಿರುವುತ್ತೆ, ಕಾಯಿ ಕೊಡಲ್ಲ. ನಿನ್ನ ಹಾಗೇ." ನನಗಾಗ ಮದುವೆಯಾಗಿರಲಿಲ್ಲ.

ಉಳಿದೆರಡು ಮಾತ್ರ ಕುತ್ತಿಗೆಯ ತುಂಬ ಕಾಯಿ ಕಟ್ಟಿಕೊಂಡು ನಿಂತವು. ಹಣ್ಣಾಗುವುದನ್ನೇ ಕಾಯುತ್ತಿದ್ದೆ. ಅಷ್ಟರಲ್ಲಿ ರೇಡಿಯೋದಲ್ಲಿ ತುಫಾನಿನ ಸುದ್ದಿ ಬಂತು, ಬಂದರಿನಲ್ಲಿ ಅಪಾಯದ ಗುರುತು ಏರಿಸಿದರು. ತುಫಾನು ಬಂದರೆ ಈ ಊರಿನಲ್ಲಿ ಮೊದಲು ಬೀಳುವುದು ಪರಂಗಿ ಗಿಡ. ಹೆದರಿ ಹಸಿರು ಕಾಯಿಗಳನ್ನೆಲ್ಲ ಕಿತ್ತು ಒಳಗೆ ಒಟ್ಟಿದೆ. ತುಫಾನು ಒಡಿಶಾದ ಕಡೆ ತಿರುಗಿ ಹೋಯಿತು. ನಾನು, ನನ್ನ ಬೋಳು ಗಿಡ, ಮನೆ ತುಂಬ ಹಸಿ ಪರಂಗಿ.

ಆಗ ನೆನಪಾದದ್ದು ಬೇಕರಿಯ ಬನ್ನು. ತಿಪಟೂರಿನಲ್ಲಿ ನನ್ನ ಪಾಲಿನ ಬನ್ನಿನಿಂದ ಕೆಂಪು, ಹಸಿರು ಸಿಹಿ ತುಣುಕುಗಳನ್ನು ಹೆಕ್ಕಿ ಸುಮಿಗೆ ಕೊಡುತ್ತಿದ್ದೆ. ಅವು ಹಸಿ ಪರಂಗಿಯದ್ದೆಂದು ಬೇಕರಿಯವನೇ ಒಮ್ಮೆ ಹೇಳಿದ್ದ. ಸರಿ, ಸುಮಿಗೆ ಮುರಬ್ಬ ಮಾಡಿ ಕಳಿಸುವುದೆಂದು ಹೊರಟೆ. ಕಾಯಿ ಹೆರೆದು, ತುಂಡು ಮಾಡಿ, ಸುಣ್ಣದ ತಿಳಿನೀರಿನಲ್ಲಿ ನೆನೆಹಾಕಿ, ಅನಕಾಪಲ್ಲಿಯ ಬೆಲ್ಲದ ಪಾಕದಲ್ಲಿ ಕುದಿಸಿದೆ. ಮೊದಲ ಸಲ ತಳ ಹಿಡಿಯಿತು, ಎರಡನೆಯ ಸಲ ಕಲ್ಲಾಯಿತು, ಮೂರನೆಯ ಸಲ ಹೊನ್ನಿನ ಬಣ್ಣಕ್ಕೆ ಬಂತು. "ಜಾಡಿಯಲ್ಲಿ ಹಾಕಿ ಬಟ್ಟೆ ಕಟ್ಟು ಬಾಬೂ" ಎಂದರು ನರಸಮ್ಮಗಾರು. ಜಾಡಿಯೇ? ಸಮುದ್ರವನ್ನೇ ಹೊರಗಿಡುವ ಕೆಲಸದವನು ಬಟ್ಟೆ ಕಟ್ಟುವುದೇ? ಹಾಲಿನ ಪುಡಿಯ ಡಬ್ಬಿಗೆ ಬಿಸಿಬಿಸಿಯಾಗಿ ತುಂಬಿ, ಮುಚ್ಚಳ ಒತ್ತಿ, ಸುತ್ತಲೂ ಬೆಸುಗೆ ಎಳೆದೆ. ಗಾಳಿ ಹಾಗಿರಲಿ, ಯಮನೂ ಒಳಗೆ ಹೋಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆಡಬಾರದ ಮಾತು.

ಡಬ್ಬಿ ಒಯ್ದವರು ನೌಕಾಪಡೆಯಲ್ಲಿದ್ದ ಹುಬ್ಬಳ್ಳಿಯ ಶಂಕರಪ್ಪ. ಏನೋ ಕೆಲಸಕ್ಕೆಂದು ವಿಜಯವಾಡಕ್ಕೆ ಹೊರಟಿದ್ದರು. ವಾರ ಕಳೆದು, ಒಂದು ಶನಿವಾರ ಸಂಜೆ ನಗುನಗುತ್ತ ಮನೆಗೆ ಬಂದರು.

"ಸಿಹಿ ತರಸ್ರೀ ಮೊದ್ಲ. ನಿಮ್ಮ ತಂಗೀಗೆ ವಿಶೇಷ ಐತಿ. ಮೂರನೇ ತಿಂಗಳಂತ. ಇನ್ನೂ ಯಾರಿಗೂ ಹೇಳಿಲ್ಲ, ಅಣ್ಣಗಷ್ಟ ಹೇಳ್ರಿ ಅಂದ್ಲು."

ನಾನು ಕುಣಿಯುವುದೊಂದು ಬಾಕಿ. ಹಿತ್ತಿಲಿಗೆ ಓಡಿ ನರಸಮ್ಮಗಾರಿಗೆ ಹೇಳಿದೆ. ಅವರ ಮುಖ ಅರಳಿತು, ಹಾಗೇ ನಿಂತಿತು. ಮೆಲ್ಲಗೆ ಕೇಳಿದರು: "ಅವಳಿಗೇನಾ ಬಾಬೂ, ನೀನು ಬೊಪ್ಪಾಯಿ ಕಳಿಸಿದ್ದು? ಹಸೀದು?"

ಬಸುರಿಯರು ಪರಂಗಿ ತಿನ್ನಬಾರದೆಂದು ನಮ್ಮಲ್ಲಿ ಎಲ್ಲ ಹೆಂಗಸರಿಗೂ ಗೊತ್ತು. ಅದರಲ್ಲೂ ಹಸಿಯದು. ನನಗೂ ಎಲ್ಲೋ ಕೇಳಿದ ನೆನಪು. ಆದರೆ ನಾನು ಕಳಿಸಿದ್ದು ಬಸುರಿಗಲ್ಲ, ಬನ್ನಿನ ತುಣುಕಿಗೆ ಕೈ ಚಾಚುತ್ತಿದ್ದ ಪುಟ್ಟ ಹುಡುಗಿಗೆ. ಬಾವಿಯ ಕಟ್ಟೆಯ ಮೇಲೆ ಕೂತೆ. ಬ್ಯಾಂಕು ಮುಚ್ಚಿತ್ತು, ರಾಘುವಿನ ಮನೆಯಲ್ಲಿ ಫೋನಿರಲಿಲ್ಲ. ಇದ್ದಿದ್ದರೂ ಏನೆಂದು ಹೇಳಲಿ? ತಿಂದಿದ್ದರೆ ನನ್ನ ಮಾತೇ ಅವಳನ್ನು ಕೊಲ್ಲುತ್ತದೆ.

ಬೆಳಗಿನ ರೈಲು ಹತ್ತಿದೆ. ದುವ್ವಾಡದಲ್ಲಿ ಗಾಡಿ ಸುಮ್ಮನೆ ನಿಂತಿತು, ಇಳಿದು ತಳ್ಳಬೇಕೆನ್ನಿಸಿತು. ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬಂತು, ಕಿಟಕಿ ಎಳೆದು ಮುಚ್ಚಿದೆ. ಎದುರಿನ ಸೀಟಿನ ಹೆಂಗಸು ಮಗುವಿಗೆ ಹಾಲೂಡುತ್ತಿದ್ದಳು. ಆ ಕಡೆ ನೋಡಲಾರದೆ ಬಾಗಿಲಲ್ಲಿ ನಿಂತೆ. ರಾಜಮಂಡ್ರಿಯ ಸೇತುವೆಯ ಮೇಲೆ ಎಲ್ಲರೂ ಗೋದಾವರಿಗೆ ಕಾಸು ಎಸೆದರು. ದೇವರ ಹತ್ತಿರ ಏನನ್ನೂ ಬೇಡಿ ಅಭ್ಯಾಸವಿಲ್ಲದವನು ನಾನು. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದೆ. ನನ್ನ ಕೆಲಸ ಗಟ್ಟಿಯಾಗಿರಲಿ, ಯಾರ ಕೈಗೂ ಬಿಚ್ಚದಿರಲಿ, ಅಷ್ಟೇ ಬೇಡಿದ್ದು.

ವಿಜಯವಾಡದ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಮುದುಕಿ ಕೈಯಾಡಿಸಿ, "ರಿಕ್ಷಾಲೋ ಎಕ್ಕಿಂಚುಕುನಿ ತೀಸುಕೆಳ್ಳಾಡಯ್ಯಾ" ಎಂದಳು. ಗಂಡ ಸುಮಿಯನ್ನು ರಿಕ್ಷಾ ಹತ್ತಿಸಿಕೊಂಡು ಹೋದನಂತೆ. ಎಲ್ಲಿಗೆಂದು ಮುದುಕಿಗೂ ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೂತೆ. ಗೋಡೆಯ ಕಡೆ ತಿರುಗಿದ್ದ ಆ ಬೆನ್ನು ಕಣ್ಣ ಮುಂದೆ ಬಂತು. ಬೀದಿಯ ತಿರುವಿನಲ್ಲಿ ಬಂದ ಪ್ರತಿ ರಿಕ್ಷಾಕ್ಕೂ ಎದ್ದು ನಿಂತೆ, ಮತ್ತೆ ಕೂತೆ.

ಕೊನೆಗೆ ಬಂದರು. ಸುಮಿ ಸೀಟಿಗೆ ಒರಗಿ ಕೂತಿದ್ದಳು. ನಾನು ಮುಖ ನೋಡಲಿಲ್ಲ, ಇಳಿಯುವ ಕಾಲು ನೋಡಿದೆ. ಕಾಲು ಗಟ್ಟಿಯಾಗಿ ನೆಲಕ್ಕೆ ಬಿತ್ತು. ಹಣೆಯಲ್ಲಿ ದುರ್ಗಮ್ಮನ ಗುಡಿಯ ಕುಂಕುಮ.

"ಅಣ್ಣ! ಇದೇನೋ, ಹೇಳ್ದೆ ಕೇಳ್ದೆ?"

"ಸುಮ್ನೆ ಬಂದೆ ಕಣೆ."

ರಾಘು ಒಳಗಿನಿಂದ ಡಬ್ಬಿ ತಂದು ಮುಂದೆ ಕುಕ್ಕಿದ. ಮುಚ್ಚಳದ ಸುತ್ತ ಪೆಟ್ಟಿನ ಗುರುತು, ಗೀರು. ಬೆಸುಗೆ ಮಾತ್ರ ಹಾಗೇ ಇತ್ತು. "ಬನ್ನಿ ಭಾವ, ನಿಮ್ದೇ ದಾರಿ ನೋಡ್ತಿದ್ದೆ. ಸ್ಕ್ರೂಡ್ರೈವರ್ ಮುರೀತು, ನಿಮ್ಮ ಡಬ್ಬಿ ಬಗ್ಗಲಿಲ್ಲ. ನಾನು ಸುತ್ತಿಗೆ ತಗೊಂಡ್ರೆ ಇವ್ಳು ಕಿತ್ಕೊಂಡು ಅಡಗಿಸಿಟ್ಲು, ಅಣ್ಣನೇ ಬಂದು ತೆಗೀಲಿ ಅಂತ. ತೆಗೀರಿ ಈಗ, ಬಾಯಲ್ಲಿ ನೀರು ಬರ್ತಿದೆ."

ಸುಮಿ ನೆಲ ನೋಡುತ್ತ ಕೂತಿದ್ದಳು. ಒಳಗಿರುವುದು ಪರಂಗಿ ಎಂದು ಹೇಳಿಬಿಟ್ಟರೆ, ತಿನ್ನದಿದ್ದರೂ ಉಳಿದ ತಿಂಗಳೆಲ್ಲ ಆ ಡಬ್ಬಿ ಅವಳ ಕನಸಿನಲ್ಲಿ ಕೂತಿರುತ್ತದೆ. ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಮುಖ ಹುಳ್ಳಗೆ ಮಾಡಿದೆ. "ಇದು ಕೆಟ್ಟಿದೆ ರಾಘು. ಬೆಸುಗೆ ಸರಿಯಾಗಿ ಕೂತಿಲ್ಲ. ಒಳಗೆ ಗಾಳಿ ಹೋಗಿದೆ. ಬೇರೆ ಮಾಡಿ ಕಳಿಸ್ತೀನಿ."

"ಭಾವನ ಬೆಸುಗೆ ಸೋರ್ತಾ?" ರಾಘು ತೊಡೆ ತಟ್ಟಿಕೊಂಡು ನಕ್ಕ. "ಇದನ್ನ ಬ್ಯಾಂಕಿನಲ್ಲೆಲ್ಲ ಹೇಳ್ಬೇಕು ನಾನು!"

ಸುಮಿ ನಗಲಿಲ್ಲ. ಎದ್ದು ಬಂದು ತಾನೇ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿದಳು.

ಮನೆಗೆ ಬಂದು ಬೆಸುಗೆ ಕಾಯಿಸಿ ಬಿಚ್ಚಿದೆ. ಒಳಗೆ ತುಂಡುಗಳು ಜೇನಿನಲ್ಲಿ ಅದ್ದಿದ ಹಾಗೆ ಹೊಳೆಯುತ್ತಿದ್ದವು. ತೋರಿಸಲು ಯಾರೂ ಇರಲಿಲ್ಲ. ಭಯ ಮಾತ್ರ ಡಬ್ಬಿಯ ಜೊತೆ ಬಿಚ್ಚಿಹೋಗಲಿಲ್ಲ, ಹಿಂದಿನ ಎರಡು ಸಲದ ನೆನಪಿತ್ತು. ಹೆಣ್ಣು ಮಗು ಹುಟ್ಟಿದ ಸುದ್ದಿ ಬರುವ ತನಕ ಅಂಚೆಯವನ ಸೈಕಲ್ ಗಂಟೆ ಕೇಳಿದರೂ ಬೆವರುತ್ತಿದ್ದೆ.

ಆ ಮಗು ಕನಕ, ಈಗ ಅವಳೇ ಬಸುರಿ. ತಾಯಿಯನ್ನು ಕರೆದುಕೊಂಡು ನಿನ್ನೆ ಬಂದಿದ್ದಾಳೆ. ಬೆಳಿಗ್ಗೆ ನಾನು ಬೆಸುಗೆ ಮುಗಿಸುವಾಗ ಹಿತ್ತಿಲಿಗೆ ಬಂದು, ಅರ್ಧ ತೆಲುಗಿನಲ್ಲಿ, "ಮಾಮಯ್ಯ, ಬೊಪ್ಪಾಯಿ ಪಂಡು ಉಂದಾ? ಹಣ್ಣಿದ್ರೆ ಒಂದೇ ಚೂರು ಕೊಡಿ. ಡಾಕ್ಟರು ಹಣ್ಣಾದ್ದು ಪರವಾಗಿಲ್ಲ ಅಂದ್ರು" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸುಮಿ, "ಮಾಮಯ್ಯನ ಗಿಡದ್ದು ಕೆಟ್ಟಿದೆ, ಒಳಗೆ ನಡಿ" ಎಂದು ಅವಳನ್ನು ಅಟ್ಟಿದಳು.

ಆಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ತಲೆಯೆಲ್ಲ ಬೆಳ್ಳಗಾಗಿದೆ. ಕ್ಯಾನಿನ ಮೂತಿಯ ಮೇಲೆ ಬೆರಳಾಡಿಸುತ್ತ ಕೇಳಿದಳು.

"ಅಣ್ಣ, ಡಬ್ಬೀಲಿದ್ದದ್ದು ಚೆನ್ನಾಗಿತ್ತಾ?"

ನಾನು ಅವಳ ಕಡೆ ನೋಡಿದೆ.

"ಶಂಕರಪ್ಪನೋರು ಕೊಡುವಾಗ್ಲೇ ಹೇಳಿದ್ರು ಕಣೋ, ಏನಿದೆ ಅಂತ. ಬೇಡ ಅಂದ್ರೆ ನೀನು ಎಷ್ಟು ನೊಂದ್ಕೋತೀಯೋ ಅಂತ ಅಡಗಿಸಿಟ್ಟೆ. ನೀನು ಬಂದು ಸೋರ್ತು ಅಂದ್ಯಲ್ಲ, ಅವತ್ತು ಗೊತ್ತಾಯ್ತು, ನಂಗಿಂತ ನೀನೇ ಹೆದರಿದೀಯ ಅಂತ."

ಎದ್ದು ಕ್ಯಾನಿಗೆ ಬಾವಿಯ ನೀರು ತುಂಬಿದೆ. ಎತ್ತಿ ಹಿಡಿದೆ. ಇಬ್ಬರೂ ಅದರ ಮೂತಿಯನ್ನೇ ನೋಡುತ್ತ ನಿಂತೆವು.

"ಅವತ್ತು ಒಂದು ತೊಟ್ಟೂ ಸೋರಿರಲಿಲ್ಲ ಸುಮಿ," ಎಂದೆ.

"ಗೊತ್ತು" ಎಂದಳು.