ಅತ್ತೆಯ ಹೆಪ್ಪು ಮತ್ತು ಜಗತ್ತಿನ ಮೊದಲ ದಿನ

ಇಪ್ಪತ್ತು ವರ್ಷಗಳ ಹಿಂದೆ, ಪರವೂರಿನ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನ ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ನಡುವಿನ ಹೊತ್ತು ನನ್ನ ಕ್ಲಾಸು. ಮದುವೆಯಾಗಿ ಬಂದ ಮೇಲೂ ಹಟ ಹಿಡಿದು ತತ್ವಶಾಸ್ತ್ರದ ಎಂ.ಎ.ಗೆ ಹೊರಗಿನಿಂದ ಕಟ್ಟಿದ್ದೆ. ದಿನವೂ ಮೊಸರನ್ನಕ್ಕೆ ಬರುತ್ತಿದ್ದ, ಮಂಗಳೂರು ಕಡೆಯ ನಿವೃತ್ತ ಮುಸ್ಲಿಂ ಪ್ರೊಫೆಸರೊಬ್ಬರು ಪುಕ್ಕಟೆ ಪಾಠ ಹೇಳುತ್ತಿದ್ದರು.

ಆ ವಾರ ಇಸ್ಲಾಮಿಕ್ ತತ್ವಶಾಸ್ತ್ರ. ಜಗತ್ತಿಗೆ ಆರಂಭವಿದೆಯೇ? ದೇವರು ಎಂದಿನಿಂದಲೂ ಕೊಡುತ್ತಲೇ ಇದ್ದಾನೆ, ಹಾಗಾಗಿ ಜಗತ್ತೂ ಎಂದಿನಿಂದಲೂ ಇದೆ ಎಂದರು ದಾರ್ಶನಿಕರು. ಹಿಂದೆ ಲೆಕ್ಕವಿಲ್ಲದಷ್ಟು ದಿನಗಳಿದ್ದರೆ ಈ ದಿನ ಬರುತ್ತಲೇ ಇರಲಿಲ್ಲ, ದೇವರು ಮನಸ್ಸು ಮಾಡಿದ, ಜಗತ್ತು ಶುರುವಾಯಿತು ಎಂದರು ಧರ್ಮಪಂಡಿತರು. ಹಾಗಿದ್ದರೆ ಇನ್ನೂ ಮೊದಲೇ ಯಾಕೆ ಮನಸ್ಸು ಮಾಡಲಿಲ್ಲ ಎಂದು ದಾರ್ಶನಿಕರು ಮತ್ತೆ ಜಗಳಕ್ಕೆ ನಿಂತರು. ನನ್ನ ತಲೆಗೆ ಒಂದೂ ಹತ್ತಲಿಲ್ಲ.

"ಈ ಮೊಸರಿಗೆ ಹೆಪ್ಪು ಎಲ್ಲಿಂದ?" ಎಂದರು ಸರ್.

"ನಿನ್ನೆಯ ಮೊಸರಿಂದ."

"ನಿನ್ನೆಯದಕ್ಕೆ?"

ಒಳಗಿನಿಂದ ಅತ್ತೆಯೇ ಉತ್ತರ ಕೊಟ್ಟರು. "ಅದು ನನ್ನ ಅಮ್ಮನ ಮನೆಯದ್ದು. ಮದುವೆಯಾಗಿ ಬರುವಾಗ ಉಡುಪಿಯಿಂದ ತಂದದ್ದು. ಒಂದು ದಿನ ತಪ್ಪಿಲ್ಲ."

"ನಿಮ್ಮತ್ತೆ ದಾರ್ಶನಿಕರ ಕಡೆ," ಎಂದು ಸರ್ ನಕ್ಕರು. ನಾನೂ ಅದೇ ಪಕ್ಷ ಸೇರಿದೆ.

ಮರುವಾರ ಅತ್ತೆಗೆ ಜ್ವರ ಬಂದು ಮೊಸರಿನ ಕಾರುಬಾರು ನನ್ನ ಪಾಲಿಗೆ ಬಂತು. ಅಂದು ಸರ್ ತಡವಾಗಿ ಬಂದರು, ಮೊಸರು ಖಾಲಿಯಾಗಿತ್ತು. ವಾದದ ಭರದಲ್ಲಿ ನಾನು ಹೆಪ್ಪಿಗೆಂದು ತೆಗೆದಿಟ್ಟ ಬಟ್ಟಲನ್ನೇ ಅವರ ಅನ್ನಕ್ಕೆ ಸುರಿದುಬಿಟ್ಟೆ. ಸಂಜೆ ಹಾಲು ಕಾಯಿಸಿ ಬಟ್ಟಲು ಹುಡುಕಿದಾಗಲೇ ಮಾಡಿದ್ದು ಹೊಳೆಯಿತು. ಅತ್ತೆಯ ಅಮ್ಮ ತೀರಿಹೋಗಿ, ಮನೆಯೂ ಮಾರಿಹೋಗಿ, ಅವರಿಗೆ ತವರಿನದೆಂದು ಉಳಿದದ್ದು ಅದೊಂದೇ. ಪ್ಯಾಕೆಟ್ ಮೊಸರು ತಂದು ಮುಚ್ಚಿಹಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮಹಡಿ ಹತ್ತಿ ಹೋಗಿ ಹೇಳಿಬಿಟ್ಟೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಶಾಲು ಹೊದ್ದು ಕೆಳಗಿಳಿದು, ನಾಲ್ಕು ಹಸಿಮೆಣಸನ್ನು ತೊಟ್ಟು ಸಮೇತ ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿದರು.

"ಹೆಪ್ಪಿಲ್ಲದೆ ಮೊಸರಾಗ್ತದಾ ಅತ್ತೆ?"

"ಆಗ್ತದೆ. ಮೊದಲನೇದು ನೀರುನೀರು. ಅದನ್ನೇ ಹೆಪ್ಪು ಹಾಕಿದ್ರೆ ಮತ್ತಿನದ್ದು ಗಟ್ಟಿ."

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ?" ದಾರ್ಶನಿಕರ ಪ್ರಶ್ನೆಯೇ ನನ್ನ ಬಾಯಿಂದ ಬಂದಿತ್ತು.

"ಇಷ್ಟು ವರ್ಷ ಅಮ್ಮನದ್ದು ಇತ್ತಲ್ಲ ಮಾರಾಯ್ತಿ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆಯ ಕಣ್ಣೂ ತುಂಬಿತ್ತು. ಪಾತ್ರೆಯನ್ನು ನನ್ನ ಕಡೆಗೆ ಸರಿಸಿ ಅಂದರು, "ಇದು ನಿಂದು. ಇವತ್ತಿಂದ ಶುರು."