ಹೊತ್ತು ಮೂಡದ ಊರಿನಲ್ಲಿ ನನ್ನ ನಿಯಮ

ಬಂದ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಪರದೆ ಸರಿಸಿದರೆ ಬೀದಿದೀಪಗಳು ಉರಿಯುತ್ತಿದ್ದವು. ಗಡಿಯಾರ ಕೆಟ್ಟಿದೆ ಎಂದುಕೊಂಡು ಗಂಡನಿಗೆ ಫೋನ್ ಮಾಡಿದೆ. 'ಇನ್ನ ಎರಡು ತಿಂಗಳ ಹೊತ್ತ ಮೂಡೂದಿಲ್ಲಂತ' ಎಂದರು. ನಾರ್ವೆಯ ಉತ್ತರ ತುದಿಯ ಈ ಊರಲ್ಲಿ ಅವರು ಹೋಟೆಲಿನ ಅಡುಗೆಯವರು; ನಾನು ಇಂಗ್ರಿಡ್ ಎಂಬ ಮುದುಕಿಯ ವಸತಿಗೃಹದಲ್ಲಿ ಹಾಸಿಗೆ ಹಾಸುವವಳು.

ಈ ಕಾಲಕ್ಕೆ ಇಲ್ಲಿನವರು 'ಮೊರ್ಕೆತೀದ್' ಎನ್ನುತ್ತಾರೆ, ಕತ್ತಲ ಕಾಲ. ಅದನ್ನು ನೋಡಲೆಂದೇ ದೇಶದೇಶದ ಪ್ರವಾಸಿಗರು ಬರುತ್ತಾರೆ. ಆಕಾಶದಲ್ಲಿ ಹಸಿರು ಬೆಳಕಿನ ಕುಣಿತ, ಹಿಮದ ಮೇಲೆ ಸಾರಂಗ ಎಳೆಯುವ ಗಾಡಿ, ಗುಡಾರದಲ್ಲಿ ಇಲ್ಲಿನ ಮೂಲನಿವಾಸಿಗಳ ಹಾಡು. ಚೆಂದವೇ, ಸುಳ್ಳು ಹೇಳಲಾರೆ. ನಿಪ್ಪಾಣಿಯಿಂದ ಪ್ರವಾಸಕ್ಕೆ ಬಂದಿದ್ದ ಹೆಂಗಸೊಬ್ಬರು ಮರಾಠಿಯಲ್ಲಿ 'ಕಿತೀ ನಶೀಬವಾನ್ ತುಮ್ಹೀ!' ಎಂದರು, ಎಷ್ಟು ಪುಣ್ಯವಂತರು ನೀವು ಎಂದು. ದೂರದ ಬೆಟ್ಟ ನುಣ್ಣಗೆ ಅಂತಾರೆ. ನಾಲ್ಕೇ ದಿನಕ್ಕೆ ಬಂದವರಿಗೆ ಹತ್ತಿರದಿಂದಲೂ ನುಣ್ಣಗೇ ಕಾಣುತ್ತದೆ. ನನಗೆ ಆ ಕತ್ತಲಲ್ಲಿ ಊಟದ್ದೇ ಚಿಂತೆ.

ಬೇಡಕಿಹಾಳದ ಜೈನರ ಮನೆಯವಳು ನಾನು. ಹಿಂದೊಮ್ಮೆ ಗಂಡ ಜಡ್ಡು ಬಿದ್ದು ಸಾಯುವ ಹಾಗಿದ್ದಾಗ ಬಸದಿಯಲ್ಲಿ ನಿಂತು, ಜೀವ ಇರುವವರೆಗೆ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನಿಯಮ ತೆಗೆದುಕೊಂಡಿದ್ದೆ. ಅವರು ಉಳಿದರು. ಈಗ ಮುರಿದರೆ ಅವರಿಗೇ ಏನಾದರೂ ಆದೀತೆಂಬ ಹೆದರಿಕೆಗೆ ಎರಡು ದಿನ ಬರೀ ನೀರಿನಲ್ಲಿ ಕಳೆದೆ. ಮೂರನೆಯ ದಿನ ಮೆಟ್ಟಿಲ ಮೇಲೆ ಕುಸಿದೆ. ಊರಿಗೆ ಫೋನ್ ಹಚ್ಚಿ ಅವ್ವನ ಮುಂದೆ ಅತ್ತುಬಿಟ್ಟೆ.

'ಇಲ್ಲಿ ಹೊತ್ತ ಮೂಡೂದ ಇಲ್ಲಬೇ ಯವ್ವಾ. ಯಾವಾಗ ಉಣ್ಣಲಿ?'

'ಅಳಬ್ಯಾಡ. ನಮ್ಮೂರ ಹೊತ್ತ ಐತೆಲ್ಲ, ಅದರ ಮ್ಯಾಲ ಉಣ್ಣು. ಮುಳಗೂ ಮುಂದ ನಾ ಫೋನ್ ಹಚ್ತೀನಿ. ಆದ್ರ ಅಲ್ಲಿ ಹೊತ್ತ ಮೂಡಿದ ದಿನದಿಂದ ಅದಾ ನಿಂದು. ಆಮ್ಯಾಲ ನಮ್ಮೂರ ಹೊತ್ತ ನಿನಗ ನಡ್ಯಾಂಗಿಲ್ಲ.'

ಅಂದಿನಿಂದ ದಿನಾಲೂ, ಅಲ್ಲಿ ಸಂಜೆ ಆರು, ಇಲ್ಲಿ ಮಧ್ಯಾಹ್ನ ಒಂದೂವರೆ ಆಗುವ ಮುಂಚೆ ಅವ್ವನ ಫೋನು. 'ಮುಳಗಾಕತ್ತೈತಿ, ಲಗೂನ ಉಣ್ಣು.' ಹಿಂದೆ ಕೊಟ್ಟಿಗೆಗೆ ಬರುವ ಎಮ್ಮೆಗಳ ಕೂಗು. ಅರ್ಧ ಹಾಸಿದ ಹಾಸಿಗೆ ಬಿಟ್ಟು ಓಡಿ, ನಿಂತೇ ರೊಟ್ಟಿ ನುಂಗುತ್ತಿದ್ದೆ. ಆ ಹತ್ತು ನಿಮಿಷ ನಾನು ಬೇಡಕಿಹಾಳದಲ್ಲಿರುತ್ತಿದ್ದೆ. ಹೊತ್ತು ಮೂಡಲಿ ಎಂದು ಇಲ್ಲಿನ ಊರೆಲ್ಲ ಕಾಯುತ್ತಿತ್ತು. ಮೂಡದಿರಲಿ ಎಂದು ನಾನೊಬ್ಬಳು ಬೇಡಿಕೊಳ್ಳುತ್ತಿದ್ದೆ.

ಜನವರಿಯ ಒಂದು ಮಧ್ಯಾಹ್ನ ಊರಿಗೆ ಊರೇ ಗುಡ್ಡ ಹತ್ತಿತು. ಸೂರ್ಯ ಬಂದ ದಿನ ಇಲ್ಲಿನವರು 'ಸೂಲ್‌ಬೊಲ್ಲೆ' ತಿನ್ನುತ್ತಾರೆ, ಸೂರ್ಯನ ಹೆಸರಿನ ಸಿಹಿ ಬನ್ನು. ಇಂಗ್ರಿಡ್ ಒಂದನ್ನು ನನ್ನ ಕೈಗಿಟ್ಟು, ನಿನಗೆಂದೇ ಮೊಟ್ಟೆ ಹಾಕದೆ ಮಾಡಿದ್ದೇನೆ ಎಂದಳು. ಎರಡು ಗುಡ್ಡಗಳ ನಡುವೆ ಸೂರ್ಯ ಇಣುಕಿದ. ಮಕ್ಕಳು ಕೂಗಿದರು, ಪ್ರವಾಸಿಗರು ಫೋಟೊ ಹೊಡೆದರು. ಮಧ್ಯಾಹ್ನದ ಅವ್ವನ ಫೋನು ಇವತ್ತಿಗೆ ಮುಗಿಯಿತು. ಕಣ್ಣೊರೆಸಿಕೊಂಡು ಬನ್ನು ಕಚ್ಚಿದೆ. ಅಗಿಯುವಷ್ಟರಲ್ಲಿ ಸೂರ್ಯ ಮುಳುಗಿಬಿಟ್ಟ.

ಹೇಗಿದೆ ಎಂದು ಇಂಗ್ರಿಡ್ ಕೇಳುತ್ತಿದ್ದಳು. ಬೇಡಕಿಹಾಳದಲ್ಲಿ ಇನ್ನೂ ಬಿಸಿಲಿತ್ತು. ಬಾಯೊಳಗಿನ ತುತ್ತನ್ನು ನುಂಗಲೋ ಉಗುಳಲೋ ತಿಳಿಯದೆ, ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ.