ಗೇಟಿನ ಕಡೆಯಿಂದ ನೋಡಿದ ನಕ್ಷೆ

"ದಡ್ಡ ಮಕ್ಕಳು ಅಂತ ಯಾರೂ ಇಲ್ಲಮ್ಮ. ಈ ಪಾಠಾನೇ ಕಬ್ಬಿಣದ ಕಡಲೆ. ನಾನೂ ಇದರಲ್ಲಿ ಎರಡು ಸಲ ಫೇಲಾಗಿದ್ದೆ, ಯಾರಿಗೂ ಹೇಳ್ಬೇಡಿ. ಪುಸ್ತಕದಲ್ಲಿ ಅಂಗೈಯಗಲದ ನಕ್ಷೆ, ಅದರ ತುಂಬ ಇರುವೆ ಸಾಲಿನ ಹಾಗೆ ಹೆಸರು. ಕಾಗದ ಕಂಡ್ರೇನೇ ಹೆದರ್ತಾರೆ, ಅದಕ್ಕೆ ಕಾಗದ ಬೇಡ. ಅಂಗಳದಲ್ಲಿ ಸುಣ್ಣದ ಪುಡೀಲಿ ದೇಶಾನ ಬಿಡಿಸ್ತೀನಿ. ಅದರ ಮೇಲೆ ನಡೀಲಿ, ನದಿ ದಾಟಲಿ, ಬೆಟ್ಟ ಸುತ್ತಲಿ. ಕಾಲಿಗೆ ಅಭ್ಯಾಸ ಆದ್ರೆ ತಲೆಗೂ ಹತ್ತುತ್ತೆ. ನೀವು ಮಾತ್ರ ಆ ಕಡೆ ಪೊರಕೆ ತರ್ಬೇಡಿ. ಒಂದು ಸಲ ಗುಡಿಸಿದ್ರೆ ನನ್ನ ಅರ್ಧ ದೇಶ ಹೋಗುತ್ತೆ."

ಹೀಗೆಂದವರು ನಮ್ಮ ಪ್ರೌಢಶಾಲೆಯ ಭೂಗೋಳದ ಟೀಚರ್. ನಾನು ಅಲ್ಲಿ ಕಸ ಗುಡಿಸುವವಳು, ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು. ಅವರು ದುಂಡಗಿದ್ದುದರಿಂದ ಮಕ್ಕಳು ಬೆನ್ನ ಹಿಂದೆ 'ಗ್ಲೋಬು' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. "ದಿನವಿಡೀ ತಿರುಗ್ತಾನೇ ಇರ್ತೀನಲ್ಲ, ಸರಿಯಾಗೇ ಇಟ್ಟಿದಾರೆ" ಎಂದು ನಗುತ್ತಿದ್ದರು.

ಆ ವರ್ಷ ಹೆಡ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿದ್ದರು: ಹಿಂದೆ ಬಿದ್ದ ಒಂಬತ್ತು ಮಕ್ಕಳು ಈ ಸಲವೂ ಫೇಲಾದರೆ ಭೂಗೋಳದ ತರಗತಿ ಮುಚ್ಚುವುದು. ಅದು ಮುಚ್ಚಿದರೆ ಟೀಚರಿಗೂ ಅಲ್ಲಿ ಕೆಲಸವಿಲ್ಲ. ಆ ಒಂಬತ್ತು ಜನ ಪಾಸಾಗಬೇಕಾದರೆ ನಕ್ಷೆಯ ಅಂಕ ಬರಲೇಬೇಕು.

ಮೂರು ತಿಂಗಳು, ದಿನಾ ಶಾಲೆ ಬಿಟ್ಟ ಮೇಲೆ, ಟೀಚರ್ ನೀರಿನ ತೊಟ್ಟಿಯ ಹತ್ತಿರ ನಿಂತು ಊರಿನ ಹೆಸರು ಕೂಗುತ್ತಿದ್ದರು. ಮಕ್ಕಳು ಎದುರುಗಡೆ, ಗೇಟಿನ ಪಕ್ಕದ ನೆರಳಿನಿಂದ ಒಬ್ಬೊಬ್ಬರಾಗಿ ನಕ್ಷೆಗೆ ಇಳಿಯುತ್ತಿದ್ದರು. ಹತ್ತು ಹೆಜ್ಜೆ, ಎಡಗೈಗೆ ಗಣಿ. ಇನ್ನಾರು ಹೆಜ್ಜೆ, ಬಲಗೈಗೆ ಮರಳುಗಾಡು.

"ಏನ್ ಮೇಡಂ, ಈ ಸಲ ಪರೀಕ್ಷೆ ಕುಂಟೆಬಿಲ್ಲೇಲಾ?" ಎಂದರು ಗಣಿತದ ಮೇಷ್ಟ್ರು.

"ನಿಮ್ಮ ಲೆಕ್ಕಕ್ಕಿಂತ ಬೇಗ ತಲೆಗೆ ಹೋಗ್ತಿದೆ ಬಿಡಿ, ಸರ್."

ಪರೀಕ್ಷೆ ಮುಗಿಸಿ ಮಕ್ಕಳು ನಗುತ್ತಲೇ ಹೊರಗೆ ಬಂದರು. "ಒಂದೂ ಬಿಟ್ಟಿಲ್ಲ, ಟೀಚರ್. ಮನಸಲ್ಲೇ ನಡ್ಕೊಂಡು ಹೋದೆ, ಅಷ್ಟೆ" ಎಂದಳು ಅವರಲ್ಲೊಬ್ಬಳು, ದರ್ಜಿಯ ಮಗಳು.

"ಎಲ್ಲಿ, ತೋರಿಸು."

ಅವಳು ಪ್ರಶ್ನೆಪತ್ರಿಕೆಯ ನಕ್ಷೆಯನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ತನ್ನ ಎದೆಯ ಕಡೆಯ ಅಂಚಿನಿಂದ ಬೆರಳು ನಡೆಸಿದಳು. ಎಡಕ್ಕೆ ಗಣಿ, ಬಲಕ್ಕೆ ಮರಳುಗಾಡು. ಟೀಚರ್ ಬಗ್ಗಿ ಆ ಅಂಚಿನ ಮೇಲೆ ಬೆರಳಿಟ್ಟರು.

"ಎಲ್ಲಿಂದ ಹೊರಟೆ ನೀನು?"

"ಗೇಟಿಂದ, ಟೀಚರ್. ದಿನಾ ಹೊರಡೋ ಹಾಗೆ."

ನಮ್ಮ ಗೇಟು ಇರುವುದು ಉತ್ತರಕ್ಕೆ. ಟೀಚರ್ ದಿಕ್ಕು ತಪ್ಪಬಾರದೆಂದು ನಕ್ಷೆಯ ಉತ್ತರವನ್ನು ಆ ಕಡೆಗೇ ಬಿಡಿಸಿದ್ದರು. ಕಾಗದದಲ್ಲಾದರೆ ಉತ್ತರ ಮೇಲಿರುತ್ತದಂತೆ. ಮಕ್ಕಳು ಗೇಟು ತಮ್ಮ ಎದೆಯ ಕಡೆಗೇ ಎಂದುಕೊಂಡು ಕಾಗದದ ಕೆಳಗಿನಿಂದ ಹೊರಟಿದ್ದರು. ಪೂರ್ವದ ಗಣಿ ಪಶ್ಚಿಮಕ್ಕೆ ಹೋಗಿತ್ತು. ಉಳಿದ ಎಂಟು ಜನರದ್ದೂ ಅದೇ ಕಥೆ. ಟೀಚರ್ ಪತ್ರಿಕೆಗಳನ್ನು ಮಡಚಿ ಅವರ ಕೈಗೇ ಕೊಟ್ಟರು. "ಹುಷಾರಾಗಿ ಹೋಗ್ರಪ್ಪ" ಎಂದು ಮನೆಗೆ ಕಳಿಸಿದರು.

ನಾನು ಮೆಲ್ಲಗೆ ಹೇಳಿದೆ: "ನಾನೂ ದಿನಾ ಗೇಟಿನ ಕಡೆಯಿಂದಾನೇ ನೋಡ್ತಿದ್ದೆ, ಟೀಚರಮ್ಮ. ನಕ್ಷೆಗೂ ತಲೆ ಕಾಲು ಇರುತ್ತೆ ಅಂತ ನಂಗೆಲ್ಲಿ ಗೊತ್ತು?"

"ನಂಗೆ ಗೊತ್ತಿತ್ತಲ್ಲಮ್ಮ. ಒಂದೇ ಒಂದು ದಿನ ಆ ಕಡೆ ಬಂದು ನಿಂತಿದ್ರೆ ಸಾಕಿತ್ತು."

ಫಲಿತಾಂಶ ಬಂತು. ಒಂಬತ್ತೂ ಮಕ್ಕಳು ಫೇಲು. ದರ್ಜಿಯ ಮಗಳು ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕುಳಿತಳು. ಕೊನೆಯ ದಿನ ಟೀಚರ್ ಚೀಲ ಹೆಗಲಿಗೆ ಹಾಕಿಕೊಂಡು, ಸುಣ್ಣದ ಗೆರೆ ತುಳಿಯದಂತೆ ಗೋಡೆಯ ಬದಿಯಲ್ಲೇ ಗೇಟಿನವರೆಗೆ ಹೋದರು.

"ಇನ್ನು ಗುಡಿಸ್ಬಹುದು, ಅಮ್ಮ."

ಧೂಳು ಏಳಬಾರದೆಂದು ನೀರು ಚಿಮುಕಿಸಿದೆ. ಗೇಟಿನ ಹತ್ತಿರದಿಂದ ಶುರುಮಾಡಿ ತೊಟ್ಟಿಯವರೆಗೆ ಗುಡಿಸಿ, ಸುಣ್ಣ ಬೆರೆತ ಮಣ್ಣನ್ನು ಕಸದ ಬುಟ್ಟಿಗೆ ತುಂಬಿದೆ.